ಬೆಳಕಿನ ಕಣ ಯಾವ ಠಾಣೆಯ ಹದ್ದಿಗೆ ಬರುತ್ತದೆ?

ಬೆಳಗಾವಿ ಲಾ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಲಾ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಮುಂದಿನ ತಿಂಗಳು ಸೆಮಿನಾರ್‌ನಲ್ಲಿ ಮಾತಾಡಬೇಕು. ನಾನು ಆರಿಸಿಕೊಂಡ ವಿಷಯ ಇದು: ಎರಡು ದೇಶಗಳ ನಡುವೆ ಕ್ವಾಂಟಮ್ ಸಂಪರ್ಕ ಜಾಲ ಬಂದರೆ ಅದರ ಮೇಲೆ ಯಾವ ದೇಶದ ಕಾನೂನು ನಡೆಯಬೇಕು?

2023ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 6,003.65 ಕೋಟಿ ರೂಪಾಯಿ, 2030-31ರವರೆಗೆ. ಊರಿಂದ ಊರಿಗೆ 2,000 ಕಿ.ಮೀ. ದೂರ ಕ್ವಾಂಟಮ್ ಕೀ, ಅಂದರೆ ಸಂದೇಶಕ್ಕೆ ಬೀಗ ಹಾಕುವ ಗುಟ್ಟಿನ ಅಂಕಿಗಳ ಸಾಲು, ಹಂಚುವುದು ಅದರ ಗುರಿಗಳಲ್ಲಿ ಒಂದು. ಬೇರೆ ದೇಶಗಳ ಜೊತೆ ದೂರದ ಸುರಕ್ಷಿತ ಸಂಪರ್ಕ ಅನ್ನುವುದು ಇನ್ನೊಂದು. ಯಂತ್ರದ ಬಗ್ಗೆ, ದುಡ್ಡಿನ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. ಕಾನೂನಿನ ಬಗ್ಗೆ ಕನ್ನಡದಲ್ಲಿ ಹುಡುಕಿದೆ, ನನಗೆ ಏನೂ ಸಿಗಲಿಲ್ಲ.

ದಿಲ್ಲಿಯಲ್ಲಿ ಒಬ್ಬರು, ಹೊರದೇಶದಲ್ಲಿ ಒಬ್ಬರು ಸೇರಿ ಒಂದು ಗುಟ್ಟಿನ ಕೀ ಮಾಡಿಕೊಳ್ಳುತ್ತಾರೆ ಅಂದುಕೊಳ್ಳಿ. ನಡುವೆ ಯಾರೋ ಕೈ ಹಾಕಿದರು. ಅಪರಾಧ ಎಲ್ಲಿ ನಡೆಯಿತು? ಇನ್ನೊಂದು, ಸರ್ಕಾರವೇ "ಈ ಕೀ ತೆರೆದು ತೋರಿಸಿ" ಎಂದು ಆದೇಶ ಕೊಟ್ಟರೆ ಯಾವ ಸರ್ಕಾರದ ಮಾತು ಕೇಳಬೇಕು? ತಿಳಿದವರು ಹೇಳಿ. ಬೆಳಗಾವಿಯಲ್ಲಿ ಗಡಿ ಅಂದ ಕೂಡಲೇ ಮಾತು ಬೇರೆ ಕಡೆ ಹೋಗುತ್ತದೆ, ದಯವಿಟ್ಟು ಇಲ್ಲಿ ಅದು ಬೇಡ.

ತಿಕೋಟಾ ದ್ರಾಕ್ಷಿ ಬೆಳೆಗಾರ:
ತಂಗೀ, ನನಗೆ ಕ್ವಾಂಟಮ್ ಗೊತ್ತಿಲ್ಲ. ಆದರೆ ಹದ್ದಿನ ಕಷ್ಟ ಚೆನ್ನಾಗಿ ಗೊತ್ತು. ಐದಾರು ವರ್ಷದ ಹಿಂದೆ ನಮ್ಮಣ್ಣ ಗಡಿ ಆಚೆಯ ಒಬ್ಬ ವ್ಯಾಪಾರಿಗೆ ಒಣದ್ರಾಕ್ಷಿ ಕಳಿಸಿದ. ಮಾತೆಲ್ಲ ಫೋನಿನಲ್ಲೇ. ದುಡ್ಡು ಹಾಕಿದೆ ಎಂದು ಆ ಮನುಷ್ಯ ಮೊಬೈಲಿಗೆ ಸುಳ್ಳು ರಸೀದಿ ಕಳಿಸಿದ. ಈಚೆ ಠಾಣೆಗೆ ಹೋದರೆ, ಮಾಲು ಆಚೆ ಇಳಿದಿದೆ, ನಮ್ಮ ಹದ್ದಿಗೆ ಬರಲ್ಲ ಅಂದರು. ಆಚೆ ಹೋದರೆ, ಮೋಸದ ಮಾತು ಕೇಳಿದ್ದು ನಿಮ್ಮ ಊರಲ್ಲಿ, ಅಲ್ಲೇ ಕೊಡಿ ಅಂದರು. ಹೀಗೆ ಓಡಾಡಿ ನಾಲ್ಕು ತಿಂಗಳು ಹೋಯಿತು. ಅಷ್ಟರಲ್ಲಿ ಆ ಮನುಷ್ಯ ಗೋದಾಮು ಖಾಲಿ ಮಾಡಿದ್ದ.

ಒಂದೇ ದೇಶದೊಳಗೆ, ಎರಡು ಗಂಟೆ ದಾರಿಗೆ ಈ ಗತಿ. ಎರಡು ದೇಶಗಳ ನಡುವೆ ಆದರೆ ಏನು ಗತಿ? ಯಂತ್ರ ಹಾಕುವ ಮುಂಚೆ ಇದನ್ನು ಕೇಳುತ್ತಿದ್ದೀಯಲ್ಲ, ಒಳ್ಳೆಯ ಕೆಲಸ.

ಜಮಖಂಡಿ ವಕೀಲ:
ಬೆಳೆಗಾರರೇ, ನಿಮ್ಮ ಅಣ್ಣನಿಗೆ ಆಗಲೂ ಕಾನೂನು ಇತ್ತು. ಹಳೆಯ ಅಪರಾಧ ಪ್ರಕ್ರಿಯೆ ಸಂಹಿತೆ, ಅಂದರೆ ಸಿಆರ್‌ಪಿಸಿಯ 182ನೇ ಕಲಮಿನಲ್ಲಿ, ಪತ್ರ ಅಥವಾ ದೂರಸಂಪರ್ಕದ ಸಂದೇಶದಿಂದ ಮೋಸ ಆದರೆ ಸಂದೇಶ ಕಳಿಸಿದ ಜಾಗದ ಕೋರ್ಟೂ ಕೇಳಬಹುದು, ತಲುಪಿದ ಜಾಗದ ಕೋರ್ಟೂ ಕೇಳಬಹುದು ಎಂದಿತ್ತು. ಅದರ ಬದಲಿಗೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 202ನೇ ಕಲಮು. 2024ರ ಜುಲೈ 1ರಿಂದ 173ನೇ ಕಲಮಿನಲ್ಲಿ ಝೀರೋ ಎಫ್‌ಐಆರ್ ಕೂಡ ಬಂದಿದೆ. ಹದ್ದು ನಮ್ಮದಲ್ಲ ಎಂದು ದೂರು ವಾಪಸ್ ಕಳಿಸುವ ಹಾಗಿಲ್ಲ. ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಮಗಳೇ, ನಿನ್ನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮುಂಚೆ ಈ ಕೀ ಹೇಗೆ ಹುಟ್ಟುತ್ತದೆ, ಎಲ್ಲಿ ಇರುತ್ತದೆ ಎಂದು ಫಿಸಿಕ್ಸ್ ಬಲ್ಲವರು ಯಾರಾದರೂ ಹೇಳಬೇಕು. ವಸ್ತು ಏನು ಎಂದು ಗೊತ್ತಿಲ್ಲದೆ ಹದ್ದು ಹೇಳಲು ಬರುವುದಿಲ್ಲ.

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುವವನು. ಸರಳವಾಗಿ ಹೇಳುತ್ತೇನೆ.

ಕ್ವಾಂಟಮ್ ದಾರಿಯಲ್ಲಿ ನಿಮ್ಮ ಸಂದೇಶ ಹೋಗುವುದೇ ಇಲ್ಲ. ಇದನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ಅಲ್ಲಿ ತಯಾರಾಗುವುದು ಕೀ ಮಾತ್ರ, ಅಂದರೆ ಸೊನ್ನೆ ಒಂದುಗಳ ಉದ್ದನೆಯ ಸಾಲು. ಆ ಕೀಯಿಂದ ಬೀಗ ಹಾಕಿದ ಸಂದೇಶ ಮಾಮೂಲಿ ಇಂಟರ್ನೆಟ್‌ನಲ್ಲೇ ಹೋಗುತ್ತದೆ.

ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ 1984ರಲ್ಲಿ ಕೊಟ್ಟ ವಿಧಾನ ಇದು, ಬಿಬಿ84 ಅನ್ನುತ್ತಾರೆ. ಒಬ್ಬರು ಒಂದೊಂದೇ ಬೆಳಕಿನ ಕಣ ಕಳಿಸುತ್ತಾರೆ. ಒಂದೊಂದು ಕಣವೂ ಎರಡು ಬಗೆಯ ಅಳತೆಗಳಲ್ಲಿ ಒಂದಕ್ಕೆ ಹೊಂದುವಂತೆ ಇರುತ್ತದೆ. ಆಚೆಯವರು ತಮಗೆ ತೋಚಿದ ಅಳತೆಯಲ್ಲಿ ಹಿಡಿಯುತ್ತಾರೆ. ಆಮೇಲೆ ಯಾವ ಕಣಕ್ಕೆ ಯಾವ ಅಳತೆ ಹಿಡಿದಿದ್ದೆವು ಎಂದು ಬಹಿರಂಗವಾಗಿ ತಾಳೆ ನೋಡುತ್ತಾರೆ. ಹೊಂದಿದವನ್ನು ಇಟ್ಟುಕೊಳ್ಳುತ್ತಾರೆ, ಉಳಿದದ್ದು ಬಿಡುತ್ತಾರೆ. ಇಟ್ಟುಕೊಂಡದ್ದೇ ಕೀ. ನಡುವೆ ಯಾರಾದರೂ ಕಣವನ್ನು ಅಳೆದು ನೋಡಿದರೆ ಅದು ಕೆಡುತ್ತದೆ. ನಕಲು ಮಾಡಿ ಒಂದನ್ನು ಮುಂದೆ ಬಿಡೋಣ ಅಂದರೂ ಆಗುವುದಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ನಕಲು ಸಾಧ್ಯವಿಲ್ಲ ಎಂದು 1982ರಲ್ಲೇ ಸಾಬೀತಾಗಿದೆ.

ಹಾಗಾಗಿ ಕದ್ದು ನೋಡಿದರೆ ತಪ್ಪುಗಳು ಜಾಸ್ತಿ ಆಗುತ್ತವೆ. ಬಿಬಿ84ರಲ್ಲಿ ತಪ್ಪು ಸುಮಾರು ಶೇ 11 ದಾಟಿದರೆ ಆ ಕೀ ಎಸೆದುಬಿಡಬೇಕು. ವಕೀಲರು ಇಲ್ಲಿ ಒಂದು ವಿಷಯ ಗಮನಿಸಬೇಕು. ತಪ್ಪಿನ ಲೆಕ್ಕ "ಏನೋ ಆಗಿದೆ" ಎಂದು ಹೇಳುತ್ತದೆ. ಯಾರು, ಎಲ್ಲಿ ಎಂದು ಹೇಳುವುದಿಲ್ಲ. ಕಳ್ಳ ಬಂದರೂ ತಪ್ಪು ಏರುತ್ತದೆ, ಉಪಕರಣದ ಹೊಂದಾಣಿಕೆ ಸ್ವಲ್ಪ ಜರುಗಿದರೂ ಏರುತ್ತದೆ. ವಿಜ್ಞಾನ ಎರಡನ್ನೂ ಕಳ್ಳನ ಲೆಕ್ಕಕ್ಕೇ ಹಾಕುತ್ತದೆ, ಸುರಕ್ಷತೆಗಾಗಿ. ಕೋರ್ಟು ಹಾಗೆ ಹಾಕಲು ಬರುತ್ತದಾ?

ಜಮಖಂಡಿ ವಕೀಲ:
ಬರುವುದಿಲ್ಲ ಮೇಷ್ಟ್ರೇ. ಕೋರ್ಟಿಗೆ ಒಬ್ಬ ಮನುಷ್ಯ ಬೇಕು, ಅವನು ಮಾಡಿದ ಕೃತ್ಯ ಬೇಕು. ಇನ್ನೊಂದು ತೊಡಕೂ ಇದೆ. ಕೆಟ್ಟ ಕೀಯನ್ನು ಎಸೆದರು ಅಂದ ಮೇಲೆ ಕಳ್ಳನ ಕೈಗೆ ಬಳಕೆಗೆ ಬರುವಂಥದ್ದು ಏನೂ ಸಿಗಲಿಲ್ಲ. ಕದ್ದದ್ದು ಏನು ಎಂದು ಎದುರು ಪಕ್ಷದ ವಕೀಲ ಕೇಳಿಯೇ ಕೇಳುತ್ತಾನೆ.

ಉತ್ತರ ಇಲ್ಲದೆ ಇಲ್ಲ. ಐಟಿ ಕಾಯ್ದೆ 43ನೇ ಕಲಮಿನಲ್ಲಿ ಜಾಲಕ್ಕೆ ಅಡ್ಡಿ ಮಾಡುವುದು, ಹಕ್ಕಿರುವವರಿಗೆ ಬಳಕೆ ತಪ್ಪಿಸುವುದು ಎರಡೂ ಇವೆ. ದುರುದ್ದೇಶದಿಂದ ಮಾಡಿದ್ದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂದರೆ ಕ್ವಾಂಟಮ್ ಜಾಲದಲ್ಲಿ ಕಳ್ಳತನಕ್ಕಿಂತ ದಾರಿ ಕೆಡಿಸಿದ್ದೇ ಮುಖ್ಯ ಆರೋಪ ಆಗುತ್ತದೆ. ಪದೇ ಪದೇ ಕೈ ಹಾಕುತ್ತಾ ಹೋದರೆ ಆ ದಾರಿಯಲ್ಲಿ ಒಂದು ಕೀಯೂ ತಯಾರಾಗದಂತೆ ಮಾಡಬಹುದು, ಅಲ್ವಾ?

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ಖಂಡಿತ ಮಾಡಬಹುದು. ಈ ಪದ್ಧತಿಯ ನಿಜವಾದ ದುರ್ಬಲತೆ ಅದೇ.

ಸಂಕೇಶ್ವರದ ಫೈಬರ್ ಕೆಲಸದವ:
ಮೇಷ್ಟ್ರೇ, ಎಲ್ಲಿ ಎಂದು ಗೊತ್ತಾಗುವುದಿಲ್ಲ ಅಂದಿರಿ. ಪೂರ್ತಿ ಹಾಗಲ್ಲ. ನಾನು ಹನ್ನೆರಡು ವರ್ಷದಿಂದ ಹೈವೇ ಪಕ್ಕ ಫೈಬರ್ ಜಾಯಿಂಟ್ ಮಾಡುತ್ತಿದ್ದೇನೆ. ನಮ್ಮ ಹತ್ತಿರ ಓಟಿಡಿಆರ್ ಯಂತ್ರ ಇರುತ್ತದೆ. ಒಂದು ತುದಿಯಿಂದ ಬೆಳಕಿನ ಮಿಂಚು ಬಿಡುತ್ತದೆ, ವಾಪಸ್ ಬಂದ ಬೆಳಕಿನ ಹೊತ್ತು ನೋಡಿ ಎಷ್ಟನೇ ಕಿ.ಮೀ.ನಲ್ಲಿ ತುಂಡಾಗಿದೆ, ಎಲ್ಲಿ ಬಾಗಿದೆ ಎಂದು ಪರದೆಯ ಮೇಲೆ ಗೆರೆ ತೋರಿಸುತ್ತದೆ. ಜೆಸಿಬಿ ಬಡಿದಾಗ ನಾವು ಹಾಗೇ ಜಾಗ ಹಿಡಿಯುವುದು. ಫೈಬರ್ ಬಾಗಿಸಿ ಬೆಳಕು ಸೋರಿಸಿದರೂ ಗೆರೆಯಲ್ಲಿ ಇಳಿಕೆ ಕಾಣಬಹುದು.

ಆದರೆ ಹದ್ದಿನ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ ಹೇಳಲೇಬೇಕು. ಫೈಬರಿನ ಕಿ.ಮೀ. ಬೇರೆ, ರಸ್ತೆಯ ಕಿ.ಮೀ. ಬೇರೆ. ಮುಂದೆ ರಿಪೇರಿಗೆ ಬೇಕಾಗುತ್ತದೆ ಎಂದು ಛೇಂಬರ್‌ಗಳಲ್ಲಿ ಸುತ್ತಿದ ಲೂಪ್ ಬಿಟ್ಟಿರುತ್ತೇವೆ. ಸೇತುವೆ ಬಂದರೆ ಸುತ್ತು ಹಾಕಿರುತ್ತೇವೆ. ಯಂತ್ರ 78.4 ತೋರಿಸಿದರೆ ರಸ್ತೆಯಲ್ಲಿ ಅದು 75 ಇರಬಹುದು, 76 ಇರಬಹುದು. ಕೊಗನೊಳಿ ಹತ್ತಿರ ಇಂಥದ್ದಾದರೆ ಆ ಜಾಗ ಕರ್ನಾಟಕವೋ ಮಹಾರಾಷ್ಟ್ರವೋ ಎಂದು ಯಂತ್ರ ನೋಡಿ ಹೇಳಲು ಆಗುವುದಿಲ್ಲ. ಹಾಕಿದಾಗಿನ ನಕ್ಷೆ ಬೇಕು, ಒಂದೊಂದು ಲೂಪಿನ ಅಳತೆ ಬೇಕು. ಆ ರಿಜಿಸ್ಟರ್ ಎಷ್ಟು ಕಡೆ ಸರಿಯಾಗಿ ಇಡುತ್ತಾರೆ ಎಂದು ನನಗೆ ಕೇಳಬೇಡಿ.

ಬೆಳಗಾವಿ ಲಾ ವಿದ್ಯಾರ್ಥಿನಿ:
ಅಣ್ಣಾ, ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ! ಹಾಗಾದರೆ ಎರಡು ದೇಶದ ಗಡಿ ದಾಟುವ ಫೈಬರಿಗೆ ಲೂಪ್ ಸಹಿತ ನಕ್ಷೆಯನ್ನು ಎರಡೂ ಕಡೆ ಸಹಿ ಮಾಡಿ ಇಟ್ಟುಕೊಳ್ಳಬೇಕು. ಬರೆದುಕೊಂಡೆ.

ಜಮಖಂಡಿ ವಕೀಲ:
ಕರ್ನಾಟಕ ಮಹಾರಾಷ್ಟ್ರ ಆದರೆ ಕಷ್ಟವಿಲ್ಲ. ಅಪರಾಧ ಯಾವ ಪ್ರದೇಶದಲ್ಲಿ ನಡೆಯಿತು ಎಂದು ಸ್ಪಷ್ಟವಿಲ್ಲದಿದ್ದರೆ ಆ ಪ್ರದೇಶಗಳಲ್ಲಿ ಯಾವ ಕೋರ್ಟಾದರೂ ವಿಚಾರಣೆ ಮಾಡಬಹುದು ಎಂದು ಸುರಕ್ಷಾ ಸಂಹಿತೆ 198ನೇ ಕಲಮು ಹೇಳುತ್ತದೆ. ಒಂದೇ ಸಂವಿಧಾನ, ಮೇಲೆ ಒಂದೇ ಸುಪ್ರೀಂ ಕೋರ್ಟು. ಒಂದು ರಾಜ್ಯದೊಳಗೂ ಹದ್ದು ಹೇಗೆ ಹರಿದುಹೋಗುತ್ತದೆ ನೋಡಿ. 1997ರವರೆಗೆ ವಿಜಯಪುರ, ಬಾಗಲಕೋಟೆ ಒಂದೇ ಜಿಲ್ಲೆ. ಇವತ್ತು ಬಾಗಲಕೋಟೆಯ ಅಪೀಲು ಧಾರವಾಡ ಪೀಠಕ್ಕೆ, ವಿಜಯಪುರದ್ದು ಕಲಬುರಗಿ ಪೀಠಕ್ಕೆ. ಕೃಷ್ಣಾ ನದಿಯ ಈ ದಂಡೆಯ ರೈತನಿಗೂ ಆ ದಂಡೆಯ ರೈತನಿಗೂ ಬೇರೆ ಬೇರೆ ಪೀಠ. ಆದರೂ ನಡೆಯುತ್ತದೆ, ಯಾಕೆಂದರೆ ಮೊದಲೇ ಬರೆದಿಟ್ಟಿದ್ದಾರೆ.

ದೇಶಗಳ ನಡುವೆ 198 ಇಲ್ಲ. ಆಗ ನಮ್ಮ ಕೈಯಲ್ಲಿ ಇರುವುದು ಐಟಿ ಕಾಯ್ದೆಯ 75ನೇ ಕಲಮು. ಹೊರದೇಶದಲ್ಲಿ ಕೂತು ಯಾರೇ ಮಾಡಲಿ, ಯಾವ ದೇಶದವನೇ ಆಗಲಿ, ಭಾರತದಲ್ಲಿರುವ ಕಂಪ್ಯೂಟರ್ ಅಥವಾ ಜಾಲ ಅದರಲ್ಲಿ ಸಿಕ್ಕಿಕೊಂಡಿದ್ದರೆ ನಮ್ಮ ಕಾಯ್ದೆ ಅನ್ವಯಿಸುತ್ತದೆ. 2023ರ ದೂರಸಂಪರ್ಕ ಕಾಯ್ದೆಯೂ ದೇಶದ ಹೊರಗೆ ಮಾಡಿದ ಅಪರಾಧಕ್ಕೆ ಕೈ ಚಾಚುತ್ತದೆ. ಆ ಕಾಯ್ದೆಯಲ್ಲಿ ದೂರಸಂಪರ್ಕ ಅನ್ನುವುದರ ಅರ್ಥದಲ್ಲಿ ತಂತಿ, ರೇಡಿಯೋ ಜೊತೆಗೆ ಬೆಳಕಿನ ವ್ಯವಸ್ಥೆಯೂ ಇದೆ. ಹಾಗಾಗಿ ಬೆಳಕಿನ ಕಣ ಕಾನೂನಿನ ಹೊರಗೆ ಉಳಿಯುತ್ತದೆ ಎಂಬ ಭಯ ಬೇಡ. ಎರಡು ದೇಶದ ಕಾನೂನೂ ಒಟ್ಟಿಗೆ ಬಂದು ಮೈಮೇಲೆ ಬೀಳುವುದೇ ದೊಡ್ಡ ತೊಂದರೆ.

ಗೋಕಾಕದವ, ಈಗ ಪುಣೆ:
ನಾನು ನೆಟ್‌ವರ್ಕ್ ಸೆಕ್ಯುರಿಟಿ ಕೆಲಸ ಮಾಡುತ್ತೇನೆ. ಚರ್ಚೆ ಚೆನ್ನಾಗಿದೆ, ಆದರೆ ಮೂಲದಲ್ಲೇ ನನ್ನದೊಂದು ತಕರಾರು ಇದೆ. ಇಷ್ಟು ಗೋಜಲು ಯಾಕೆ ಬೇಕು? 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಹೊಸ ಗಣಿತದ ಮೂರು ಬೀಗಗಳನ್ನು ಮಾನದಂಡ ಎಂದು ಹೊರತಂದಿದೆ. ಕ್ವಾಂಟಮ್ ಕಂಪ್ಯೂಟರ್ ಬಂದರೂ ತಡೆಯುವಂತೆ ಮಾಡಿದ ಬೀಗಗಳು. ಅವು ಮಾಮೂಲಿ ಕಂಪ್ಯೂಟರ್‌ನಲ್ಲೇ ಓಡುತ್ತವೆ. ಹೊಸ ಫೈಬರ್ ಬೇಡ, ನಡುವೆ ಕೇಂದ್ರ ಬೇಡ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ತನ್ನ ರಾಷ್ಟ್ರೀಯ ಭದ್ರತೆಯ ಜಾಲಗಳಿಗೆ ಕ್ವಾಂಟಮ್ ಕೀ ಹಂಚಿಕೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ತಾನೇ ಹೇಳಿದೆ. ನಡುವಿನ ಕೇಂದ್ರಗಳ ಅಪಾಯ, ದಾರಿ ಕೆಡಿಸುವ ಅಪಾಯ ಎರಡನ್ನೂ ಅದು ಕಾರಣ ಕೊಟ್ಟಿದೆ.

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ತಮ್ಮಾ, ನಿನ್ನ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಆ ಬೀಗಗಳು ಒಂದು ಲೆಕ್ಕ ಬಿಡಿಸುವುದು ಕಷ್ಟ ಎಂಬ ನಂಬಿಕೆಯ ಮೇಲೆ ನಿಂತಿವೆ. ನಾಳೆ ಯಾರೋ ಸುಲಭದ ದಾರಿ ಕಂಡುಹಿಡಿದರೆ, ಇವತ್ತು ಸಂಗ್ರಹಿಸಿ ಇಟ್ಟುಕೊಂಡ ಸಂದೇಶಗಳೂ ತೆರೆದುಕೊಳ್ಳುತ್ತವೆ. ಐವತ್ತು ವರ್ಷ ಗುಟ್ಟಾಗಿ ಇರಬೇಕಾದ ಕಾಗದಗಳು ಸರ್ಕಾರಗಳ ಹತ್ತಿರ ಇರುತ್ತವೆ. ಅದಕ್ಕೇ ದೇಶಗಳು ಎರಡೂ ದಾರಿ ಹಿಡಿದಿವೆ. ಬೇಕೋ ಬೇಡವೋ, ಜಾಲಗಳಂತೂ ಬರುತ್ತಿವೆ. ಯುರೋಪಿನ 27 ದೇಶಗಳೂ ಸೇರಿ ಒಂದು ಜಾಲ ಕಟ್ಟಲು ಒಪ್ಪಿವೆ. 2021ರ ಆಗಸ್ಟ್‌ನಲ್ಲಿ ಇಟಲಿಯ ಟ್ರಿಯೆಸ್ಟೆಯಿಂದ ಸ್ಲೊವೇನಿಯಾ, ಕ್ರೊಯೇಷಿಯಾಗಳಿಗೆ ಕ್ವಾಂಟಮ್ ಕೀ ಬಳಸಿ ಮಾತಾಡಿ ತೋರಿಸಿದ್ದಾರೆ.

ಗೋಕಾಕದವ, ಈಗ ಪುಣೆ:
ಸರಿ ಸರ್. ಆದರೆ ಆ ಮೂರು ದೇಶಕ್ಕೂ ಮೇಲೆ ಯುರೋಪಿಯನ್ ಒಕ್ಕೂಟದ ಕಾನೂನು ಇದೆ. ನಮಗೂ ನಮ್ಮ ನೆರೆಯವರಿಗೂ ಹಾಗೆ ಇಲ್ಲ.

ಜಮಖಂಡಿ ವಕೀಲ:
ನಡುವಿನ ಕೇಂದ್ರ ಅಂದಿರಲ್ಲ, ಅದು ಏನು? ಬಿಡಿಸಿ ಹೇಳಿ. ನನಗೆ ಅಲ್ಲೇ ಏನೋ ಇದೆ ಅನ್ನಿಸುತ್ತಿದೆ.

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ಇದೆ, ವಕೀಲರೇ. ಒಳ್ಳೆಯ ಫೈಬರಿನಲ್ಲೂ ಕಿ.ಮೀ.ಗೆ ಸುಮಾರು 0.2 ಡೆಸಿಬೆಲ್ ಬೆಳಕು ಕಳೆದುಹೋಗುತ್ತದೆ. 50 ಕಿ.ಮೀ. ಹೋಗುವಷ್ಟರಲ್ಲಿ ಹತ್ತು ಕಣಗಳಲ್ಲಿ ಒಂದು ಉಳಿಯುತ್ತದೆ. 100 ಕಿ.ಮೀ.ಗೆ ನೂರರಲ್ಲಿ ಒಂದು. ಬೆಳಗಾವಿಯಿಂದ ಬೆಂಗಳೂರಿಗೆ, 500 ಕಿ.ಮೀ.ಗೆ, ಸಾವಿರ ಕೋಟಿಗೆ ಒಂದು. ಮಾಮೂಲಿ ಫೈಬರಿನಲ್ಲಿ ನಡುವೆ ಬೆಳಕನ್ನು ಹೆಚ್ಚಿಸುವ ಯಂತ್ರ ಇಡುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ, ಹೆಚ್ಚಿಸುವುದು ಅಂದರೆ ನಕಲು ಮಾಡಿದಂತೆ.

ಹಾಗಾಗಿ ದಾರಿಯಲ್ಲಿ ಅಲ್ಲಲ್ಲಿ ಕೇಂದ್ರ ಇಡುತ್ತಾರೆ. ಮೊದಲ ಕೇಂದ್ರದವರೆಗೆ ಒಂದು ಕೀ. ಅಲ್ಲಿಂದ ಮುಂದಿನ ಕೇಂದ್ರಕ್ಕೆ ಇನ್ನೊಂದು ಕೀ. ಒಂದನ್ನು ಬಳಸಿ ಇನ್ನೊಂದನ್ನು ದಾಟಿಸುತ್ತಾ ಹೋಗುತ್ತಾರೆ. ಚೀನಾ 2017ರಲ್ಲಿ ಬೀಜಿಂಗ್‌ನಿಂದ ಶಾಂಘೈಗೆ ಸುಮಾರು 2,000 ಕಿ.ಮೀ. ಜಾಲ ಶುರು ಮಾಡಿತು. ಅದರಲ್ಲಿ ಇಂಥ 32 ಕೇಂದ್ರ. ಕೇಂದ್ರದೊಳಗೆ ಕೀ ಬೆಳಕಾಗಿ ಇರುವುದಿಲ್ಲ, ಬರೀ ಸೊನ್ನೆ ಒಂದಾಗಿ ಕಂಪ್ಯೂಟರ್‌ನಲ್ಲಿ ಇರುತ್ತದೆ. ಅಲ್ಲಿ ಕೂತವನು ನೋಡಬಹುದು. ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿನ ಲೆಕ್ಕವೂ ಏರುವುದಿಲ್ಲ. ಅದಕ್ಕೇ ಇವಕ್ಕೆ ನಂಬಿಕೆಯ ಕೇಂದ್ರ ಎಂದೇ ಹೆಸರು.

ತಿಕೋಟಾ ದ್ರಾಕ್ಷಿ ಬೆಳೆಗಾರ:
ಈಗ ನನಗೂ ತಿಳಿಯಿತು. ಬಸ್ಸಿಗೆ ಪಾರ್ಸೆಲ್ ಹಾಕಿದ ಹಾಗೆ. ದಾರಿಯಲ್ಲಿ ಬಸ್ಸು ಓಡುವಾಗ ಯಾರೂ ಕೈ ಹಾಕಲ್ಲ. ಸ್ಟ್ಯಾಂಡಿನಲ್ಲಿ ಒಂದು ಬಸ್ಸಿಂದ ಇನ್ನೊಂದಕ್ಕೆ ಇಳಿಸಿ ಹತ್ತಿಸುವಾಗಲೇ ಗಂಟು ಬಿಚ್ಚುವುದು.

ಜಮಖಂಡಿ ವಕೀಲ:
ಬೆಳೆಗಾರರು ಸರಿಯಾಗಿ ಹಿಡಿದರು. ಮಗಳೇ, ನಿನ್ನ ಸೆಮಿನಾರ್ ಇಲ್ಲಿದೆ. ನೀನು ಬೆಳಕಿನ ಕಣದ ಹಿಂದೆ ಹೋಗಬೇಡ. ಕಣ ಗಡಿಯನ್ನು ಎಲ್ಲಿ ದಾಟಿತು, ಯಾವ ಕ್ಷಣದಲ್ಲಿ ಯಾವ ದೇಶದಲ್ಲಿತ್ತು ಎಂದು ಕೇಳುತ್ತಾ ಹೋದರೆ ಕೊನೆ ಇಲ್ಲ. ನಮ್ಮ ಕಾನೂನು ಯಾವತ್ತೂ ಹಾಗೆ ಕೇಳಿಲ್ಲ.

1965ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಓದು, ಭಗವಾನ್‌ದಾಸ್ ಗೋವರ್ಧನ್‌ದಾಸ್ ಕೇಡಿಯಾ ವಿರುದ್ಧ ಗಿರಿಧಾರಿಲಾಲ್ ಪುರುಷೋತ್ತಮದಾಸ್. ಹತ್ತಿಕಾಳು ಹಿಂಡಿಯ ವ್ಯಾಪಾರ. ಅಹಮದಾಬಾದಿನವರು ಖಾಮಗಾಂವ್‌ನವರಿಗೆ ಫೋನಿನಲ್ಲಿ ಕೇಳಿದರು, ಅವರು ಫೋನಿನಲ್ಲೇ ಒಪ್ಪಿದರು. ಕರಾರು ಆದದ್ದು ಎಲ್ಲಿ? ಮಾತಾಡಿದ ಖಾಮಗಾಂವ್‌ನಲ್ಲೋ, ಕೇಳಿಸಿಕೊಂಡ ಅಹಮದಾಬಾದಿನಲ್ಲೋ? ಒಪ್ಪಿಗೆ ಕೇಳಿಸಿದ ಜಾಗದಲ್ಲಿ ಎಂದು ಬಹುಮತದ ತೀರ್ಪು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರದು ಭಿನ್ನಮತ, ಅದನ್ನೂ ಓದು. ತಂತಿಯಲ್ಲಿ ಓಡುವ ದನಿ ಯಾವ ಊರಲ್ಲಿತ್ತು ಎಂದು ಯಾರೂ ಹುಡುಕಲಿಲ್ಲ. ತುದಿಯಲ್ಲಿ ಇರುವ ಮನುಷ್ಯರನ್ನು ನೋಡಿದರು.

ಐಟಿ ಕಾಯ್ದೆಯ 13ನೇ ಕಲಮೂ ಅದೇ ದಾರಿ. ಇಲೆಕ್ಟ್ರಾನಿಕ್ ದಾಖಲೆ ಕಳಿಸಿದವರ ವ್ಯವಹಾರದ ಜಾಗದಿಂದ ಹೊರಟಿತು, ಪಡೆದವರ ವ್ಯವಹಾರದ ಜಾಗದಲ್ಲಿ ತಲುಪಿತು ಎಂದು ಭಾವಿಸಬೇಕು. ಸರ್ವರ್ ಎಲ್ಲೇ ಇರಲಿ. ಬೇರೆ ಕರಾರು ಇಲ್ಲದಿದ್ದರೆ ಇದೇ ನಿಯಮ.

ತುದಿಗಳಿಗೆ ಇದು ಸಾಕು. ನಂಬಿಕೆಯ ಕೇಂದ್ರಕ್ಕೆ ಸಾಲದು. ಕೇಂದ್ರ ಒಂದು ಕಟ್ಟಡ. ಅದು ಒಂದು ದೇಶದ ನೆಲದ ಮೇಲೆ ಇರುತ್ತದೆ. ಆ ನೆಲದ ಸರ್ಕಾರ ಬಾಗಿಲು ತಟ್ಟಿದರೆ ತೆಗೆಯಲೇಬೇಕು. ನಮ್ಮಲ್ಲೇ ಐಟಿ ಕಾಯ್ದೆ 69ನೇ ಕಲಮಿನಲ್ಲಿ ಸರ್ಕಾರ ಕೇಳಿದಾಗ ಬೀಗ ತೆಗೆಯಲು ನೆರವಾಗದಿದ್ದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಬೇರೆ ದೇಶಗಳಲ್ಲೂ ಇಂಥ ಕಾನೂನು ಇದೆ.

ನಿಪ್ಪಾಣಿ ಬ್ಯಾಂಕ್ ನೌಕರಳು:
ಸರ್, ನಮ್ಮ ಬ್ಯಾಂಕಿನ ಹಾಗೆ ಕರಾರಿನಲ್ಲೇ ಬರೆದುಕೊಂಡರೆ ಆಗುವುದಿಲ್ವಾ? "ಎಲ್ಲ ವ್ಯಾಜ್ಯ ಇಂಥ ಊರಿನ ಕೋರ್ಟಿಗೆ ಮಾತ್ರ" ಎಂದು ಪ್ರತಿ ಕಾಗದದ ಕೊನೆಗೆ ಇರುತ್ತದಲ್ಲ.

ಜಮಖಂಡಿ ವಕೀಲ:
ಅದು ದುಡ್ಡಿನ ವ್ಯಾಜ್ಯಕ್ಕೆ ಸರಿ, ತಾಯಿ. ಅದೂ ಎರಡು ಮೂರು ಕೋರ್ಟಿಗೆ ಅಧಿಕಾರ ಇದ್ದಾಗ ಅದರಲ್ಲಿ ಒಂದನ್ನು ಆರಿಸಬಹುದು, ಅಧಿಕಾರವೇ ಇಲ್ಲದ ಕೋರ್ಟಿಗೆ ಕರಾರಿನಿಂದ ಅಧಿಕಾರ ಕೊಡಲು ಬರುವುದಿಲ್ಲ. 1971ರಲ್ಲಿ ಹಾಕಂ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ಪೊಲೀಸರನ್ನೂ ಸರ್ಕಾರವನ್ನೂ ನಿಮ್ಮ ಕರಾರು ಕಟ್ಟಿಹಾಕುವುದಿಲ್ಲ. ಸರ್ಕಾರಕ್ಕೆ ಸರ್ಕಾರವೇ ಒಪ್ಪಂದದಲ್ಲಿ ಮಾತು ಕೊಡಬೇಕು.

ನಿಪ್ಪಾಣಿ ಬ್ಯಾಂಕ್ ನೌಕರಳು:
ಅಂದರೆ ಗಡಿಯ ಹತ್ತಿರದ ಕೇಂದ್ರ ಯಾವ ಕಡೆ ಕಟ್ಟುತ್ತಾರೆ ಅನ್ನುವುದೇ ದೊಡ್ಡ ವಿಷಯ. ನೂರು ಮೀಟರ್ ಈಚೆಯೋ ಆಚೆಯೋ ಅನ್ನುವುದರ ಮೇಲೆ ಎಲ್ಲ ಕೀ ಯಾರ ಕೈಗೆ ಸಿಗಬಹುದು ಎಂದು ತೀರ್ಮಾನ ಆಗುತ್ತದೆ. ನಮ್ಮೂರಲ್ಲಿ ಹುಟ್ಟಿದವಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ ಸರ್. ಟೋಲ್ ದಾಟಿದರೆ ಬಸ್ಸಿನ ಬೋರ್ಡು, ಭಾಷೆ, ಪೊಲೀಸರ ಟೋಪಿ ಎಲ್ಲ ಬೇರೆ.

ಬೆಳಗಾವಿ ಲಾ ವಿದ್ಯಾರ್ಥಿನಿ:
ಹಾಗಾದರೆ ಉಪಗ್ರಹ? ಅದು ಯಾರ ನೆಲದ ಮೇಲೂ ಇರುವುದಿಲ್ಲ. 2016ರ ಆಗಸ್ಟ್ 16ರಂದು ಚೀನಾ ಮೀಸಿಯಸ್ ಎಂಬ ಕ್ವಾಂಟಮ್ ಉಪಗ್ರಹ ಹಾರಿಸಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದರ ಕೀ ಬಳಸಿ ಬೀಜಿಂಗ್‌ನಿಂದ ವಿಯೆನ್ನಾಗೆ ವಿಡಿಯೋ ಕರೆ ಮಾಡಿದರು, ಸುಮಾರು 7,600 ಕಿ.ಮೀ. ದೂರ. ಆಮೇಲೆ ಚೀನಾದಿಂದ ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ಗೆ ಚಿಕ್ಕ ಉಪಗ್ರಹದಿಂದ 12,900 ಕಿ.ಮೀ. ದೂರ ಮಾಡಿದ್ದನ್ನು 2025ರಲ್ಲಿ ಪ್ರಕಟಿಸಿದ್ದಾರೆ. ಇಲ್ಲಿ ಹದ್ದು ಯಾರದು?

ಜಮಖಂಡಿ ವಕೀಲ:
ಇದಕ್ಕೆ ನೆಲಕ್ಕಿಂತ ಸ್ಪಷ್ಟ ಉತ್ತರ ಇದೆ. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿ. ಯಾವ ದೇಶದ ನೋಂದಣಿಯಲ್ಲಿ ಆ ವಸ್ತು ಇದೆಯೋ ಅದರ ಮೇಲಿನ ಅಧಿಕಾರ, ನಿಯಂತ್ರಣ ಆ ದೇಶದ್ದೇ. ಹಡಗಿಗೆ ಬಾವುಟದ ದೇಶದ ಕಾನೂನು ಇರುವ ಹಾಗೆ. ಖಾಸಗಿ ಕಂಪನಿ ಹಾರಿಸಿದರೂ 6ನೇ ವಿಧಿಯ ಪ್ರಕಾರ ದೇಶವೇ ಜವಾಬ್ದಾರಿ. ಭಾರತವೂ ಈ ಒಪ್ಪಂದದಲ್ಲಿದೆ.

ಮೇಷ್ಟ್ರೇ, ವಿಯೆನ್ನಾ ಕರೆಯಲ್ಲಿ ಆ ಉಪಗ್ರಹಕ್ಕೆ ಕೀ ಗೊತ್ತಿತ್ತಾ?

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ಗೊತ್ತಿತ್ತು. ಅಲ್ಲಿ ಉಪಗ್ರಹವೇ ನಂಬಿಕೆಯ ಕೇಂದ್ರ. ಒಂದು ಕಡೆ ಹಾರುವಾಗ ಒಂದು ಕೀ, ಇನ್ನೊಂದು ಕಡೆ ಹಾರುವಾಗ ಇನ್ನೊಂದು ಕೀ ಮಾಡಿಕೊಂಡು ಎರಡನ್ನೂ ಸೇರಿಸಿತು.

ಆದರೆ ಅದೇ ಉಪಗ್ರಹದಿಂದ 2020ರಲ್ಲಿ ಬೇರೆ ರೀತಿಯೂ ಮಾಡಿ ತೋರಿಸಿದ್ದಾರೆ, 1,120 ಕಿ.ಮೀ. ದೂರದ ಎರಡು ನೆಲೆಗಳ ನಡುವೆ. ಉಪಗ್ರಹ ಜೋಡಿ ಕಣಗಳನ್ನು ಹುಟ್ಟಿಸಿ ಒಂದನ್ನು ಇತ್ತ, ಒಂದನ್ನು ಅತ್ತ ಕಳಿಸುತ್ತದೆ. ಎರಡು ನೆಲೆಯವರೂ ಅಳೆಯುತ್ತಾರೆ. ಅಳೆದ ಮೇಲೆಯೇ ಕೀ ಹುಟ್ಟುವುದು. ಕಳಿಸಿದ ಉಪಗ್ರಹಕ್ಕೆ ಕೀ ಗೊತ್ತಿರುವುದಿಲ್ಲ, ಅದನ್ನು ಹಾರಿಸಿದವರು ಕೆಟ್ಟವರೇ ಆದರೂ ತುದಿಯಲ್ಲಿ ಪರೀಕ್ಷಿಸಿ ತಿಳಿಯಬಹುದು. ಆರ್ಟರ್ ಎಕರ್ಟ್ 1991ರಲ್ಲಿ ಈ ದಾರಿ ತೋರಿಸಿದರು. ನೆಲದ ಮೇಲೆ ದೂರಕ್ಕೆ ಇದನ್ನು ಮಾಡಲು ಕ್ವಾಂಟಮ್ ಮೆಮೊರಿ, ಅಂದರೆ ಕಣದ ಸ್ಥಿತಿಯನ್ನು ಕೆಡದಂತೆ ಹಿಡಿದಿಡುವ ಉಪಕರಣ ಬೇಕು. ಅದರ ಕೆಲಸ ಇನ್ನೂ ಪ್ರಯೋಗಶಾಲೆಯ ಹಂತದಲ್ಲಿದೆ, ನಮ್ಮ ಮಿಷನ್ನಿನ ಗುರಿಗಳಲ್ಲೂ ಸೇರಿದೆ.

ಬೆಳಗಾವಿ ಲಾ ವಿದ್ಯಾರ್ಥಿನಿ:
ಸರ್, ಹಾಗಾದರೆ ಯಂತ್ರದ ಆಯ್ಕೆಯೇ ಕಾನೂನಿನ ಆಯ್ಕೆ ಆಗುತ್ತದೆ! ನಂಬಿಕೆಯ ಕೇಂದ್ರ ಇಟ್ಟರೆ ಮೂರನೇ ದೇಶದ ಕಾನೂನು ಒಳಗೆ ಬರುತ್ತದೆ. ಜೋಡಿ ಕಣದ ದಾರಿ ಹಿಡಿದರೆ ಗುಟ್ಟು ಎರಡು ತುದಿಯ ದೇಶಗಳಲ್ಲೇ ಉಳಿಯುತ್ತದೆ. ನಾನು ಇದನ್ನು ಸೆಮಿನಾರ್‌ನ ನಡುಮಧ್ಯಕ್ಕೆ ಹಾಕುತ್ತೇನೆ.

ಗೋಕಾಕದವ, ಈಗ ಪುಣೆ:
ಗುಟ್ಟು ಉಳಿಯುತ್ತದೆ, ಸೇವೆ ಉಳಿಯುವುದಿಲ್ಲ. ಉಪಗ್ರಹದ ದೇಶ ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಅದನ್ನೂ ಬರಿ.

ಜಮಖಂಡಿ ವಕೀಲ:
ಇದು ಮುಖ್ಯ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1865ರದು, ತಂತಿ ಕಾಲದ್ದು. ಅದರ ಸಂವಿಧಾನದ 34ನೇ ವಿಧಿಯಲ್ಲಿ ದೇಶದ ಭದ್ರತೆಗೆ ಅಪಾಯ ಅನ್ನಿಸಿದ ಖಾಸಗಿ ಸಂಪರ್ಕವನ್ನು ತಡೆಯುವ ಹಕ್ಕನ್ನು ಸದಸ್ಯ ದೇಶಗಳು ಇಟ್ಟುಕೊಂಡಿವೆ. 35ರಲ್ಲಿ ಸೇವೆಯನ್ನೇ ನಿಲ್ಲಿಸುವ ಹಕ್ಕು, ಆದರೆ ಬೇರೆ ಸದಸ್ಯರಿಗೆ ಕೂಡಲೇ ತಿಳಿಸಬೇಕು. 37ನೇ ವಿಧಿ ಗುಟ್ಟು ಕಾಪಾಡಬೇಕು ಅನ್ನುತ್ತದೆ, ಅದೇ ಉಸಿರಿನಲ್ಲಿ ತಮ್ಮ ಕಾನೂನು ಜಾರಿಗೆ ಅಧಿಕಾರಿಗಳಿಗೆ ತಿಳಿಸುವ ಹಕ್ಕನ್ನೂ ದೇಶಗಳಿಗೆ ಬಿಡುತ್ತದೆ. ಮಾಮೂಲಿ ಜಾಲದಲ್ಲಿ ಕದ್ದು ಕೇಳಲು ಹತ್ತು ಜಾಗ ಇರುತ್ತವೆ, ಹಾಗಾಗಿ ಯಾವುದೋ ಒಂದು ಜಾಗಕ್ಕೆ ಅಷ್ಟು ಬೆಲೆ ಇಲ್ಲ. ಇಲ್ಲಿ ದಾರಿಯಲ್ಲಿ ಕೇಳಲು ಆಗುವುದೇ ಇಲ್ಲ. ಕೇಂದ್ರವೊಂದೇ ಬಾಗಿಲು. ಎಲ್ಲ ಸರ್ಕಾರಗಳೂ ಅಲ್ಲಿಗೇ ಬರುತ್ತವೆ.

ಬಾಗಿಲು ತೆಗೆಸುವ ಅಧಿಕಾರಕ್ಕೆ ಲಗಾಮು ಇಲ್ಲ ಎಂದು ನಾನು ಹೇಳುತ್ತಿಲ್ಲ. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಫೋನ್ ಕದ್ದಾಲಿಕೆಗೆ ಸುಪ್ರೀಂ ಕೋರ್ಟ್ ನಿಯಮ ಹಾಕಿತು. 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಅಂದಿತು. ಆ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಅದನ್ನು ಹೇಳಲು ನನಗೆ ಹೆಮ್ಮೆ. ಆದರೆ ಈ ರಕ್ಷಣೆ ನಮ್ಮ ನೆಲದ ಕೇಂದ್ರಕ್ಕೆ. ಹೊರದೇಶದ ಕೇಂದ್ರದಲ್ಲಿ ನಮ್ಮ ಕೀಯನ್ನು ಯಾರೋ ಓದಿದರೆ ಪುಟ್ಟಸ್ವಾಮಿ ತೀರ್ಪು ಹಿಡಿದು ಅಲ್ಲಿ ಹೋಗಲು ಬರುವುದಿಲ್ಲ.

ತಿಕೋಟಾ ದ್ರಾಕ್ಷಿ ಬೆಳೆಗಾರ:
ಕೃಷ್ಣೆಯ ನೀರಿಗೆ ನ್ಯಾಯಮಂಡಳಿ ಇದೆಯಲ್ಲ ವಕೀಲರೇ, 1969ರಲ್ಲಿ ಬಚಾವತ್ ಮಂಡಳಿ, 2004ರಲ್ಲಿ ಬ್ರಿಜೇಶ್ ಕುಮಾರ್ ಮಂಡಳಿ. ಇದಕ್ಕೂ ಹಾಗೆ ಒಂದು ಮಾಡಬಹುದಲ್ವಾ? ಮೇಲಿನವರು ಎಷ್ಟು ಬಿಡಬೇಕು ಎಂದು ಕೆಳಗಿನವರಿಗೆ ಗೊತ್ತಿರಬೇಕು.

ಜಮಖಂಡಿ ವಕೀಲ:
ಆ ಮಂಡಳಿಗಳು 1956ರ ನಮ್ಮ ಕಾಯ್ದೆಯಿಂದ ಬಂದವು, ಮೇಲೆ ಒಂದೇ ಸಂಸತ್ತು. ಎರಡು ದೇಶಗಳ ನಡುವೆ ಮಂಡಳಿ ಬೇಕಾದರೆ ಇಬ್ಬರೂ ಮೊದಲೇ ಒಪ್ಪಬೇಕು. ಆದರೆ ನಿಮ್ಮ ಮಾತಿನ ತಿರುಳು ಸರಿ. ಜಗಳ ಹತ್ತಿದ ಮೇಲೆ ಮಂಡಳಿ ಮಾಡಿದರೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಬೆಳಗಾವಿ ಲಾ ವಿದ್ಯಾರ್ಥಿನಿ:
ನಿನ್ನೆ ರಾತ್ರಿ ಕೂತು ಒಪ್ಪಂದದಲ್ಲಿ ಇರಬೇಕಾದ ಮಾತುಗಳನ್ನು ಬರೆದೆ. ತಪ್ಪಿದ್ದರೆ ತಿದ್ದಿ.

"ಕೀ ಸಂಬಂಧದ ವ್ಯಾಜ್ಯಕ್ಕೆ ಎರಡು ತುದಿಯ ದೇಶಗಳ ಕೋರ್ಟಿಗೆ ಮಾತ್ರ ಅಧಿಕಾರ. ದಾರಿಯಲ್ಲಿ ಬರುವ ಪ್ರತಿ ನಂಬಿಕೆಯ ಕೇಂದ್ರದ ಜಾಗ, ಒಡೆಯ, ಅಲ್ಲಿ ಅನ್ವಯಿಸುವ ಕಾನೂನು ಒಪ್ಪಂದದ ಜೊತೆಗಿನ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಕೇಂದ್ರದ ಮೂಲಕ ಕೀ ಹೋಗಬಾರದು. ಕೇಂದ್ರವನ್ನು ತೆರೆಯಲು ಯಾವ ದೇಶ ಆದೇಶ ಕೊಟ್ಟರೂ ತುದಿಯ ದೇಶಗಳಿಗೆ ತಿಳಿಸಬೇಕು. ಕೀ ದಾಟಿದ ಕೂಡಲೇ ಕೇಂದ್ರದಲ್ಲಿ ಅಳಿಸಬೇಕು. ತಪ್ಪಿನ ಲೆಕ್ಕ ಮತ್ತು ಓಟಿಡಿಆರ್ ದಾಖಲೆ ಎರಡೂ ಕಡೆ ಇಡಬೇಕು."

ಗೋಕಾಕದವ, ಈಗ ಪುಣೆ:
ತಿಳಿಸಬೇಕು ಅಂದರೆ ತನಿಖೆ ಮಾಡುವವರು ಒಪ್ಪುವುದಿಲ್ಲ. ಮುಂಚೆ ತಿಳಿಸಿದರೆ ಅಪರಾಧಿಗೂ ತಿಳಿಯುತ್ತದೆ. ಒಂದು ಗಡುವು ಹಾಕು, ತೆರೆದ ಇಷ್ಟು ದಿನದೊಳಗೆ ತುದಿಯ ದೇಶದ ಗೊತ್ತುಮಾಡಿದ ಅಧಿಕಾರಿಗೆ ಮಾತ್ರ ಎಂದು. ಆಗ ಪ್ರಾಮಾಣಿಕ ತನಿಖೆಗೂ ತೊಂದರೆ ಇಲ್ಲ.

ಬಾಗಲಕೋಟೆ ಫಿಸಿಕ್ಸ್ ಮೇಷ್ಟ್ರು:
ಅಳಿಸಬೇಕು ಎಂದಷ್ಟೇ ಬರೆದರೆ ಸಾಲದು ಮಗಳೇ. ಅಳಿಸಿದ್ದನ್ನು ಯಾರು ನೋಡಿ ಹೇಳುತ್ತಾರೆ? ಕೇಂದ್ರದಲ್ಲಿ ಎರಡೂ ದೇಶದ ಒಬ್ಬೊಬ್ಬರು ಇರಲಿ, ಇಲ್ಲವೇ ಪೆಟ್ಟಿಗೆ ತೆರೆದರೆ ಕೀ ತಾನೇ ಅಳಿಯುವ ಉಪಕರಣ ಇರಲಿ ಎಂದು ಸೇರಿಸು.

ಜಮಖಂಡಿ ವಕೀಲ:
ಮೊದಲ ಸಾಲಿನಲ್ಲಿ "ಮಾತ್ರ" ತೆಗೆ. ಕೇಂದ್ರದಲ್ಲಿ ನೌಕರ ಲಂಚ ತೆಗೆದುಕೊಂಡು ಕೀ ಮಾರಿದರೆ ಆ ನೆಲದ ದೇಶವೂ ಅವನನ್ನು ಹಿಡಿಯಲೇಬೇಕು. ತುದಿಯ ದೇಶಗಳಿಗೆ ಮೊದಲ ಹಕ್ಕು ಎಂದು ಬರೆ. ಒಬ್ಬನನ್ನು ಒಂದೇ ಕೃತ್ಯಕ್ಕೆ ಎರಡು ದೇಶದಲ್ಲಿ ಶಿಕ್ಷಿಸಬಾರದು ಎಂದೂ ಇರಲಿ. ಸಾಕ್ಷ್ಯ ತರಿಸುವುದು ಹೇಗೆ ಎಂದು ಒಂದು ಸಾಲು ಬೇಕು. ಒಂದು ದೇಶದ ಕೋರ್ಟು ಇನ್ನೊಂದು ದೇಶದ ಕೋರ್ಟಿಗೆ ಪತ್ರ ಬರೆದು ಕೇಳುವ ಹಳೆಯ ಲೆಟರ್ ರೊಗೇಟರಿ ದಾರಿಯಲ್ಲಿ ಹೋದರೆ ವರ್ಷ ಹಿಡಿಯುತ್ತದೆ, ಅಷ್ಟು ಹೊತ್ತಿಗೆ ದಾಖಲೆ ಉಳಿದಿರುವುದಿಲ್ಲ. ಸೈಬರ್ ಅಪರಾಧದ 2001ರ ಬುಡಾಪೆಸ್ಟ್ ಒಪ್ಪಂದದಲ್ಲಿ ನಾವಿಲ್ಲ. ವಿಶ್ವಸಂಸ್ಥೆ 2024ರ ಡಿಸೆಂಬರ್ 24ರಂದು ಸೈಬರ್ ಅಪರಾಧದ ಹೊಸ ಒಪ್ಪಂದ ಅಂಗೀಕರಿಸಿದೆ, 40 ದೇಶ ಸ್ಥಿರೀಕರಿಸಿದ ಮೇಲೆ ಜಾರಿಗೆ ಬರುತ್ತದೆ. ಅದರಲ್ಲಿ ಇಲೆಕ್ಟ್ರಾನಿಕ್ ಸಾಕ್ಷ್ಯ ಹಂಚಿಕೊಳ್ಳುವ ಭಾಗ ಓದಿ ನೋಡು.

ಮತ್ತೆ ಉಪಕರಣ ಕಳಿಸುವ ವಿಷಯ. ಆಯುಧ, ಸೂಕ್ಷ್ಮ ತಂತ್ರಜ್ಞಾನಗಳ ರಫ್ತಿಗೆ ಲಗಾಮು ಹಾಕುವ ದೇಶಗಳ ವಾಸೆನಾರ್ ಗುಂಪನ್ನು ಭಾರತ 2017ರಲ್ಲಿ ಸೇರಿದೆ. ಕ್ವಾಂಟಮ್ ಬೀಗದ ಉಪಕರಣ ಅದರ ನಿಯಂತ್ರಣದ ಪಟ್ಟಿಯಲ್ಲಿದೆ. ಗಡಿ ಆಚೆಯ ತುದಿಗೆ ನಮ್ಮ ಯಂತ್ರ ಕಳಿಸಲು ಲೈಸೆನ್ಸ್ ಬೇಕಾಗುತ್ತದೆ. ಇದಕ್ಕೆ ಒಂದು ಪುಟ ಸಾಕು.

ಬೆಳಗಾವಿ ಲಾ ವಿದ್ಯಾರ್ಥಿನಿ:
"ಮಾತ್ರ" ತೆಗೆದೆ ಸರ್. ಗಡುವು, ತಾನೇ ಅಳಿಯುವ ಪೆಟ್ಟಿಗೆ, ಎರಡು ಸಲ ಶಿಕ್ಷೆ ಬೇಡ ಎಂಬುದು ಎಲ್ಲ ಸೇರಿಸಿದೆ. ಲೂಪಿನ ಅಳತೆ ಬಗ್ಗೆ ಇನ್ನೊಂದು ಸಂದೇಹ. ರಿಪೇರಿ ಆದಾಗ ಲೂಪಿನಿಂದ ಫೈಬರ್ ಎಳೆದುಕೊಳ್ಳುತ್ತೀರಿ. ಆಗ ನಕ್ಷೆ ಮತ್ತೆ ತಪ್ಪಾಗುತ್ತದೆ, ಅಲ್ವಾ ಅಣ್ಣಾ?

ಸಂಕೇಶ್ವರದ ಫೈಬರ್ ಕೆಲಸದವ:
ಆಗುತ್ತದೆ ತಂಗೀ. ಪ್ರತಿ ರಿಪೇರಿ ಆದ ಮೇಲೆ ಹೊಸ ಅಳತೆ ತೆಗೆದು ಬರೆಯಬೇಕು, ಅದನ್ನೂ ಒಪ್ಪಂದಕ್ಕೆ ಹಾಕು. ಬರುವ ಭಾನುವಾರ ಹತ್ತರಗಿ ಹತ್ತಿರ ಒಂದು ಛೇಂಬರ್ ತೆರೆಯುತ್ತೇವೆ. ಬೆಳಿಗ್ಗೆ ಏಳಕ್ಕೆ ಬಂದರೆ ಲೂಪ್ ಹೇಗೆ ಸುತ್ತಿರುತ್ತೇವೆ, ಯಂತ್ರದಲ್ಲಿ ಗೆರೆ ಹೇಗೆ ಬರುತ್ತದೆ ತೋರಿಸುತ್ತೇನೆ. ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬಾ, ಹೈವೇ ಪಕ್ಕದ ಕೆಲಸ. ಟೋಪಿ, ಕೆಂಪು ಜಾಕೆಟ್ ನಾವೇ ಕೊಡುತ್ತೇವೆ.

ಬೆಳಗಾವಿ ಲಾ ವಿದ್ಯಾರ್ಥಿನಿ:
ಅಪ್ಪನ ಜೊತೆ ಬರುತ್ತೇನೆ ಅಣ್ಣಾ. ಫೋಟೋ ತೆಗೆಯಬಹುದಾ ಎಂದು ನಿಮ್ಮ ಸೂಪರ್‌ವೈಸರ್‌ಗೆ ಒಂದು ಮಾತು ಕೇಳಿಡಿ.